ಮಲಗಿರೋ ಕೈ

ನನ್ನ ಬಾಯಿ ಒಳ್ಳೇದಲ್ಲ. ನಾಗಮಂಗಲದಲ್ಲಿ ಯಾರನ್ನ ಬೇಕಾದ್ರೂ ಕೇಳಿ, ದಿಲ್ಷಾದ್ ಟೈಲರಾ, ಹೊಲಿಗೆ ಚೆಂದ, ಬಾಯಿ ಮಾತ್ರ ಕೆಟ್ಟದ್ದು ಅಂತಾರೆ. ನಾಳೆ ಹಬ್ಬ ಅನ್ನುವಾಗ ಪ್ಯಾಂಟು ಪೀಸು ಕಂಕುಳಲ್ಲಿ ಇಟ್ಕಂಡು ಬರೋನಿಗೆ, "ಯಾಕ್ಲಾ, ಹಬ್ಬ ಬತ್ತದೆ ಅಂತ ನಿನ್ನೆ ಕನಸು ಬಿತ್ತಾ?" ಅಂತ ಬೈದು, ಬೈತಾ ಬೈತಾನೇ ಅಳತೆ ತಕ್ಕಂಡು, ಹೊತ್ತಿಗೆ ಸರಿಯಾಗಿ ಹೊಲಿದು ಕೊಟ್ಟವನು ನಾನು. ಬೈಸ್ಕಂಡೋರು ನಗ್ತಾ ಹೋಗೋರು, ಮುಂದಿನ ಹಬ್ಬಕ್ಕೆ ಮತ್ತೆ ಬರೋರು. ಕೈ ಚೆನ್ನಾಗಿರೋ ತನಕ ಬಾಯಿಯನ್ನ ಜನ ತಡ್ಕತಾರೆ. ಕೈ ಹೋಗಿ ಬಾಯಿ ಒಂದೇ ಉಳಿದ್ರೆ ಮನುಷ್ಯನ ಬೆಲೆ ಎಷ್ಟು ಅನ್ನೋದು ನನಗೆ ಆಮೇಲೆ ಗೊತ್ತಾಯ್ತು.

ಹೋದ ಮಳೆಗಾಲದಲ್ಲಿ ಲಕ್ವ ಹೊಡೀತು. ಅಂಗಡೀಲಿ ಬಟ್ಟೆ ಕತ್ತರಿಸ್ತಾ ಇದ್ದೆ. ಕತ್ತರಿ ಜಾರಿ ಬಿತ್ತು, ಎತ್ಕಳಕ್ಕೆ ಬಗ್ಗಿದ್ರೆ ಬಲಗೈ ನನ್ನ ಜೊತೆ ಬರ್ಲಿಲ್ಲ. ಕಾಲು ಸರಿಹೋಯ್ತು. ನಾಲಿಗೆ ವಸಿ ದಿನ ತೊದಲಿ ಸರಿಹೋಯ್ತು, ಅದು ಸರಿಹೋಗ್ಬಾರ್ದಾಗಿತ್ತು ಅಂತ ಈಗ ಅನ್ನಿಸ್ತದೆ. ಕೈ ಮಾತ್ರ ಬೆರಳು ಮಡಚ್ಕಂಡು ಹೊಟ್ಟೆ ಹತ್ರ ಅಂಗೇ ಬಿದ್ದಿರ್ತದೆ. ಅಂಗಡಿ ಮುಚ್ಚಿದ್ದಾಯ್ತು. ನೋಡಕ್ಕೆ ಬಂದೋರು "ಎಂಗಿದೀರಾ ಸಾಬ್ರೇ" ಅಂತ ಬಾಯಲ್ಲಿ ಕೇಳ್ತಾ ಕಣ್ಣನ್ನ ಆ ಕೈ ಮೇಲೆ ಇಡೋರು. ನನಗೆ ಮೈಯೆಲ್ಲಾ ಉರಿಯೋದು. ಅವತ್ತಿಂದ ಹೆಗಲ ಮೇಲಿನ ಟವಲ್ಲನ್ನ ಇಳಿಬಿಟ್ಟು ಕೈ ಮುಚ್ಕಳಕ್ಕೆ ಶುರು ಮಾಡ್ದೆ. ಸ್ನಾನದ ಹೊತ್ತು ಬಿಟ್ರೆ ಆ ಟವಲ್ಲು ಕೈ ಬಿಟ್ಟು ಜರುಗ್ತಿರ್ಲಿಲ್ಲ.

ಊಟದ್ದು ಇನ್ನೂ ಕಷ್ಟ. ಎಡಗೈಲಿ ಉಣ್ಣೋದು ಅಂದ್ರೆ ಏನು ಅಂತ ನಮ್ಮ ಮನೆ, ನಿಮ್ಮ ಮನೆ, ಎಲ್ಲಾ ಕಡೇನೂ ಗೊತ್ತಿರೋದೇ. ಎಡಗೈಲಿ ದುಡ್ಡು ಚಾಚಿದ ಗಿರಾಕಿಗಳನ್ನ ನಾನೇ ಗದರಿಸಿ ಕೈ ಬದಲಾಯಿಸಿದ್ದೆ. ಈಗ ಅದೇ ಕೈಲಿ ಬಿಸ್ಮಿಲ್ಲಾ ಅಂದು ಮುದ್ದೆ ಮುರೀಬೇಕು. ಮನೆಯೋರೆಲ್ಲಾ ಒಟ್ಟಿಗೆ ಕುಂತ್ರೆ ನಾನು ತಟ್ಟೆ ತಕ್ಕಂಡು ಅಡುಗೆಮನೆ ಮೂಲೇಲಿ ಗೋಡೆ ಕಡೆ ತಿರುಗಿ ಕುಂತ್ಕತಿದ್ದೆ. ಹೆಂಡ್ತಿ ಜೀನತ್ ಹೇಳಿ ಹೇಳಿ ಸಾಕಾಗಿ ಬುಟ್ಟುಬುಟ್ಲು.

ಮಗ ಇಸ್ರಾರ್ ದೇವಲಾಪುರದ ಕಡೆ ಬಸ್ಸು ಓಡಿಸ್ತಾನೆ, ಬೆಳಗಾಗ್ತಿದ್ದಂಗೆ ಮನೆ ಬಿಟ್ರೆ ಕತ್ತಲಾದ್ಮೇಲೇ ಬರೋದು. ಸೊಸೆ ಇಫ್ಫತ್ ಕೆ.ಆರ್. ಪೇಟೆಯೋಳು, ಕನ್ನಡ ಶಾಲೇಲಿ ಓದಿ ಟೀಚರ್ ಟ್ರೈನಿಂಗ್ ಮಾಡ್ಕಂಡವ್ಳೆ. ಮೊಮ್ಮಗ ಅಯಾನ್‌ಗೆ ಮೂರು ತುಂಬ್ತು. ಅವನನ್ನ ಇಷ್ಟು ಬೇಗ ಸ್ಕೂಲಿಗೆ ನೂಕಲ್ಲ, ಮನೇಲೇ ಆಟ ಆಡಿಸ್ತಾ ಅಕ್ಷರ ಕಲಿಸ್ತೀನಿ ಅಂತ ಇಫ್ಫತ್ ಹೇಳಿದಾಗ ನಾನು ನಕ್ಕಿದ್ದೆ. ಆಡ್ಕಂಡೇ ಅಕ್ಷರ ಬರೋದಾದ್ರೆ ನಮ್ಮ ಮೇಷ್ಟ್ರುಗಳು ಬೆತ್ತ ಯಾಕೆ ಹಿಡೀತಿದ್ರಮ್ಮಾ ಅಂದಿದ್ದೆ.  ಅವಳು ನನ್ನ ಬಾಯಿಗೆ ಬಾಯಿ ಕೊಡೋಳಲ್ಲ, ಮಾಡೋದನ್ನ ಮಾಡ್ತಾ ಇರೋಳು.

ತಿಂಡಿ ಆದ್ಮೇಲೆ ನಡುಮನೇಲಿ ಚಾಪೆ ಹಾಸೋಳು. ದೊಡ್ಡ ತಟ್ಟೇಲಿ ರಾಗಿ ಹರಡಿ, ಅದರೊಳಗೆ ಬೆರಳಾಡಿಸಿ 'ಅ' ತೀಡೋದು. ನನ್ನ ಅಂಗಡೀಲಿ ಉಳಿದ ಗುಂಡಿಗಳನ್ನ ರಟ್ಟಿನ ಮೇಲೆ ಸಾಲಾಗಿ ಅಂಟಿಸಿದ್ರೆ ಅದು 'ಗ'. ಬೆಂಡೆಕಾಯಿ ತುಂಡನ್ನ ಬಣ್ಣದಲ್ಲಿ ಅದ್ದಿ 'ಬ' ತುಂಬಾ ಒತ್ತೋದು. 'ಇ' ಬಂದ ದಿನ ದಾರದ ಬಾಲ ಇಟ್ಟು ಬಟ್ಟೆ ಚೂರಿನ ಇಲಿ. ಗೋಧಿಹಿಟ್ಟಿಗೆ ಅರಿಶಿನ ಕಲಸಿ, ಹಾವಿನಂಗೆ ಉದ್ದಕ್ಕೆ ಹೊಸೆದು, ಅದನ್ನ ಬಳಸಿ ಬಳಸಿ ಅಕ್ಷರ ಮಾಡೋದು. ನಮ್ಮ ಮನೆ ಮಾತು ಉರ್ದು, ಆ ಚಾಪೆ ಮೇಲೆ ಮಾತ್ರ ಕನ್ನಡ. ಹುಡುಗ ಮೈತುಂಬಾ ಹಿಟ್ಟು ಮಾಡ್ಕಂಡು ಕುಣಿಯೋನು.

ಆಸ್ಪತ್ರೇಲಿ ನನಗೆ ಒಂದು ರಬ್ಬರ್ ಚೆಂಡು ಕೊಟ್ಟು, ಬಲಗೈಲಿ ಹಿಸುಕ್ತಾ ಇರಿ ಅಂದಿದ್ರು. ಚೆಂಡು ಬೆರಳಲ್ಲಿ ನಿಲ್ತಿರ್ಲಿಲ್ಲ. ಸಿಟ್ಟು ಬಂದು ಅದನ್ನ ಬಚ್ಚಲ ಹಿಂದಕ್ಕೆ ಎಸೆದಿದ್ದೆ. ಒಂದಿನ ಇಫ್ಫತ್, "ಅಬ್ಬಾ, ಇವನು ಒಬ್ನೇ ಕೂರಲ್ಲ ಅಂತಾನೆ, ನೀವೂ ವಸಿ ಬನ್ನಿ" ಅಂದ್ಲು. ಹೋಗಿ ಕುಂತೆ. ಎಡಗೈಗೆ ಒಂದು ಹಿಟ್ಟಿನ ಉಂಡೆ ಕೊಟ್ಟು, ಟವಲ್ಲು ಸರಿಸಿ ಬಲಗೈಯೊಳಗೂ ಒಂದು ಇಟ್ಟು, ಮಗನ ಕಡೆ ತಿರುಗಿ 'ಆ' ಅಂದ್ರೆ ಆನೆ ಅಂತ ಹೇಳ್ತಾ ಹೋದ್ಲು. ಇದು ಕೈಗೆ ಮದ್ದು ಅಂತ ಅವಳೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ದಿನಾ ಕುಂತೆ. ನರೆತ ಗಡ್ಡ ಇಟ್ಕಂಡು ಮೂರು ವರ್ಷದ ಹುಡುಗನ ಜೊತೆ ಹಿಟ್ಟು ಹೊಸೀತಾ ಕೂರೋದು ಯಾರ ಕಣ್ಣಿಗೂ ಬೀಳ್ಬಾರ್ದು ಅಂತ ಬೀದಿ ಬಾಗಿಲು ಹಾಕಿಸ್ತಿದ್ದೆ. ಆದ್ರೂ ಆ ಹೊತ್ತು ಬಂದ್ರೆ ಸಾಕು ಅಂತ ಕಾಯ್ತಿದ್ದೆ. ಅಯಾನ್ ನನ್ನ ತೊಡೆಗೆ ಒರಗಿ ಕುಂತು, "ದಾದಾ, ನಿಂದು ಸೊಟ್ಟಕ್ಕೈತೆ" ಅಂತ ನನ್ನ ಅಕ್ಷರ ತಿದ್ದೋನು. ಅಂಗಡಿ ಹೋದ್ಮೇಲೆ ನನಗೆ ಅಂತ ಇದ್ದದ್ದು ಅದೊಂದೇ.

ಆಮೇಲೆ ಪಕ್ಕದ ಮನೆ ಲಲಿತಮ್ಮ ಮೊಮ್ಮಗಳು ಭೂಮಿಕನ್ನ ಕರ್ಕಂಡು ಬಂದ್ರು. ಅವರ ಯಜಮಾನ್ರು ವೆಂಕಟೇಶಾಚಾರ್ರು ಚಿನ್ನದ ಕೆಲಸದೋರು. ನಮ್ಮ ಮನೆ ಹೆಣ್ಮಕ್ಕಳ ಓಲೆ ಅವರ ಕೈದು, ಅವರ ಮನೆ ಹೆಣ್ಮಕ್ಕಳ ರವಿಕೆ ನನ್ನ ಕೈದು, ಮೊದಲಿಂದ ಇಂಗೇ ನಡ್ಕಂಡು ಬಂದಿತ್ತು. "ಇವಳನ್ನೂ ನಿನ್ನ ಚಾಪೆ ಮೇಲೆ ಕೂರಿಸ್ಕಳವ್ವ" ಅಂದ್ರು. ಅದನ್ನ ನೋಡಿ ಎದುರು ಮನೆಯ ಚೈತನ್ಯನೂ ಬಂದ. ಮೂರು ವರ್ಷದ ಮಕ್ಕಳಿಗೆ ಕಣ್ಣು ಜಾಸ್ತಿ, ಮುಲಾಜು ಕಮ್ಮಿ. ಮೊದಲ್ನೇ ದಿನವೇ ಭೂಮಿಕ ನನ್ನ ಟವಲ್ಲನ್ನ ತೋರಿಸಿ, "ತಾತ ಕೈ ಯಾಕೆ ಮುಚ್ಕಂಡವ್ರೆ?" ಅಂತ ಕೇಳ್ತು. ನಾನು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕ್ಕಂಡೆ.

ಆಮೇಲೆ ಮಕ್ಕಳು ಬಂದಾಗೆಲ್ಲಾ ಅದೇ. ಅಯಾನ್ ಬಂದು ಬಾಗಿಲು ಬಡಿಯೋನು, "ದಾದಾ ಬಾ, ಇವತ್ತು ಉಂಗುರದ ಉ" ಅನ್ನೋನು. "ನನಗೆ ಕೆಲಸ ಐತೆ, ಹೋಗ್ಲಾ" ಅನ್ನೋನು ನಾನು. ನನ್ನ ಕೆಲಸ ಏನು ಅಂದ್ರೆ ಗೋಡೆ ನೋಡ್ತಾ ಕೂರೋದು.

ಅವತ್ತು ಬೆಳಗ್ಗೆ ಒಳಗೆ ಕುಂತಿದ್ದೆ. ನಡುಮನೆಯಿಂದ ಸದ್ದೇ ಇಲ್ಲ. ಮಕ್ಕಳಿರೋ ಮನೇಲಿ ಸದ್ದಿಲ್ಲ ಅಂದ್ರೆ ಏನೋ ಐತೆ ಅಂತ ಲೆಕ್ಕ. ಕಿವಿಗೊಟ್ಟೆ. ಪಿಸಪಿಸ ಮಾತು, ತಡೆದು ತಡೆದು ನಗೋದು. ಬಾಗಿಲು ಸರಿಸಿ ನೋಡ್ದೆ.

ಮೂರು ಮಕ್ಕಳೂ ರಾಗಿ ತಟ್ಟೆ ಸುತ್ತ ಕುಂತಿದ್ರು. ಮೂವರ ಬಲಗೈಗೂ ನನ್ನ ಅಂಗಡಿಯ ಬಟ್ಟೆ ಚೂರು ಸುತ್ತಿತ್ತು. ಕೈಯನ್ನ ನನ್ನಂಗೇ ಮಡಚಿ, ನನ್ನಂಗೇ ಹೊಟ್ಟೆ ಹತ್ರ ಇಟ್ಕಂಡು, ಎಡಗೈಲಿ ರಾಗಿ ಮೇಲೆ ಸೊಟ್ಟಸೊಟ್ಟಕ್ಕೆ ತೀಡ್ತಿದ್ರು. ಇಫ್ಫತ್ ತುಟಿ ಮೇಲೆ ಬೆರಳಿಟ್ಟು ಶ್ಶ್ ಅಂತಿದ್ಲು. ಗೋಡೆಗೆ ಒರಗಿ ಕುಂತಿದ್ದ ಲಲಿತಮ್ಮ ಸೆರಗನ್ನ ಒತ್ತಿ ಹಿಡ್ಕಂಡು ಮೈ ಕುಲುಕಿ ನಗ್ತಿದ್ರು.

ನನ್ನ ತಲೇಲಿ ಏನೋ ಕಿತ್ಕಂಡು ಹೋಯ್ತು. ಬೀದಿ ಕೊನೇವರೆಗೂ ಕೇಳ್ಸಿರ್ಬೇಕು ನಾನು ಕೂಗಿದ್ದು. ನನ್ನ ಮನೇಲಿ ಕುಂತ್ಕಂಡು ನನ್ನನ್ನೇ ಅಣಕಿಸ್ತೀರಾ, ನನ್ನ ಸೊಟ್ಟ ಕೈ ನಿಮಗೆ ನಾಟಕ ಆಯ್ತಾ, ಊರಿನ ಮಕ್ಕಳಿಗೆಲ್ಲಾ ಇದನ್ನೇನಾ ಕಲಿಸೋದು ಅಂತ ಸೊಸೆಗೆ ಹೇಳ್ಬಾರದ್ದನ್ನೆಲ್ಲಾ ಹೇಳ್ದೆ. ತಟ್ಟೆಗೆ ಕಾಲಲ್ಲಿ ಒದ್ದೆ. ರಾಗಿ ಮನೆ ತುಂಬಾ ಎರಚಿ ಹೋಯ್ತು. ಹತ್ರ ಇದ್ದದ್ದು ಭೂಮಿಕ. ಅದರ ಕೈಗೆ ಸುತ್ತಿದ್ದ ಬಟ್ಟೆ ಹಿಡಿದು ಜಗ್ಗಿದೆ, ಮಗು ಪಕ್ಕಕ್ಕೆ ಉರುಳ್ತು. ಒಡನೆ ಅಳ್ಲಿಲ್ಲ ಅದು. ನನ್ನ ಮುಖಾನೇ ನೋಡ್ತಾ ಚಾಪೆ ಮೇಲೆ ಉಚ್ಚೆ ಹುಯ್ಕಂತು. ಅಳು ಆಮೇಲೆ ಬಂತು.

ಲಲಿತಮ್ಮ ಎದ್ದು ಮಗೂನ ಎತ್ಕಂಡ್ರು. "ಬತ್ತೀವಿ ಕಣವ್ವ ಇಫ್ಫತ್" ಅಂದು, ನನ್ನ ಕಡೆ ತಿರುಗಿ ಕೂಡ ನೋಡ್ದೆ ಹೊರಟೋದ್ರು. ಚೈತನ್ಯನ ತಾಯಿ ಕೂಗು ಕೇಳಿ ಓಡಿ ಬಂದು ಅವನನ್ನ ಕರ್ಕಂಡು ಹೋದ್ಲು. ಅಯಾನ್ ಅಕ್ಕಿ ಡ್ರಮ್ಮಿನ ಹಿಂದೆ ಸೇರ್ಕಂಡಿದ್ದ. ಇಫ್ಫತ್ ಚಾಪೆ ತೊಳೆದು ಬಿಸಿಲಿಗೆ ಹಾಕಿ, ಪೊರಕೆ ತಂದು ರಾಗಿ ಗುಡಿಸಿದ್ಲು.  ನಾನು ಇನ್ನೂ ಬುಸುಗುಡ್ತಾ ನಿಂತಿದ್ದೆ.

ಮಧ್ಯಾಹ್ನ ಜೀನತ್ ನನ್ನ ಮುಂದೆ ತಟ್ಟೆ ಇಟ್ಟು, ಹೋಗ್ದೆ ಅಲ್ಲೇ ನಿಂತ್ಲು.

"ಮುಗೀತಾ ನಿಮ್ದು?" ಅಂದ್ಲು.

"ಏನು ಮುಗಿಯೋದು? ನಿನ್ನ ಸೊಸೆ ಮಾಡಿದ್ದು ನೋಡಿದ್ಯಾ?"

"ನೋಡ್ದೆ. ನಾನು ದಿನಾ ನೋಡ್ತೀನಿ, ಬಾಗಿಲು ಹಾಕ್ಕಂಡು ಕೂರೋರು ನೀವು. ಆ ಮಗು ತಾತ ಯಾಕೆ ಕೈ ಮುಚ್ಕಂಡವ್ರೆ ಅಂತ ಕೇಳ್ತು, ನೀವು ಎದ್ದು ಹೋದ್ರಿ. ಮಗೂಗೆ ಯಾರಾದ್ರೂ ಏನಾದ್ರೂ ಹೇಳ್ಬೇಕಲ್ಲ ಇಸ್ರಾರ್ ಅಬ್ಬಾ. ಆ ಕೈ ಮಲಗದೆ, ಅದಕ್ಕೆ ಹೊದಿಸವ್ರೆ ಅಂತ ಇಫ್ಫತ್ ಹೇಳಿದ್ಲು. ಅಂಗಾರೆ ನಮ್ಮ ಕೈನೂ ಮಲಗಿಸು ಅಂತ ಮಕ್ಕಳು ಹಟ ಮಾಡಿದ್ವು. ಅದೇ ಆಟ ಆಯ್ತು. ಬಲಗೈಗೆ ಹೊದಿಸಿ ಮಲಗಿಸೋದು, ಅದು ಏಳ್ಬಾರ್ದು ಅಂತ ಪಿಸಪಿಸ ಮಾತಾಡೋದು, ಎಡಗೈಲಿ ಅಕ್ಷರ ಬರೆಯೋದು. ಬರೆದು ಮುಗಿದ್ಮೇಲೆ ಎಲ್ರೂ ಜೋರಾಗಿ ಕೂಗಿ ಕೈ ಎಬ್ಬಿಸೋದು. ನಿಮ್ಮನ್ನ ಕರೀಬೇಕು ಅಂತಿದ್ಲು. ಎಲ್ರೂ ಎಡಗೈಲೇ ಬರೀತಿದ್ರೆ ಅಬ್ಬಾಗೆ ನಾನೊಬ್ನೇ ಅನ್ನಿಸಲ್ಲ, ಆಚೆ ಬಂದು ಕೂರ್ತಾರೆ ಅಂದಿದ್ಲು."

ಇಷ್ಟು ಹೇಳಿ ಒಳಕ್ಕೆ ಹೋದ್ಲು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

ನಾಚಿಕೆ ಅಂದ್ರೆ ಏನು ಅಂತ ನನಗೆ ಗೊತ್ತು ಅಂದ್ಕಂಡಿದ್ದೆ. ಕೈ ಮುಚ್ಕಂಡು ತಿರುಗಿದ್ದು, ಗೋಡೆ ಕಡೆ ತಿರುಗಿ ಉಂಡಿದ್ದು, ಅದನ್ನೇ ನಾಚಿಕೆ ಅಂದ್ಕಂಡಿದ್ದೆ. ಅದು ಬರೀ ಜಂಬ. ನಿಜವಾದ ನಾಚಿಕೆ ಬಂದಾಗ ಮುಚ್ಕಳಕ್ಕೆ ಒಂದು ಟವಲ್ಲು ಸಾಲಲ್ಲ ಅಂತ ಅವತ್ತು ಗೊತ್ತಾಯ್ತು. ಇಫ್ಫತ್ ಎಷ್ಟು ಗುಡಿಸಿದ್ರೂ ಆ ರಾಗಿ ಮನೆ ಬಿಟ್ಟು ಹೋಗ್ಲಿಲ್ಲ. ಚಪ್ಪಲಿ ಒಳಗೆ ರಾಗಿ, ದಿಂಬಿನ ಕೆಳಗೆ ರಾಗಿ. ನಮಾಜಿಗೆ ನಿಂತು ಸಜ್ದಾಕ್ಕೆ ಬಗ್ಗಿ ಹಣೆ ನೆಲಕ್ಕೆ ಇಟ್ರೆ ಎರಡು ಕಾಳು ಅಂಟ್ಕಂಡು ಬಂದ್ವು. ಎಡಗೈಲಿ ಅದನ್ನ ತೆಗೀತಾ ಅಲ್ಲೇ ಕುಂತುಬುಟ್ಟೆ.

ಚಾಪೆ ಮತ್ತೆ ಹಾಸ್ಲಿಲ್ಲ. ಅಯಾನ್ ನನ್ನ ಕಂಡ್ರೆ ಅವನ ದಾದಿ ಜೀನತ್ ಸೆರಗು ಹಿಡ್ಕಂಡು ಹಿಂದಕ್ಕೆ ಸರಿಯೋನು. ಬಾಗಿಲು ಬಡಿಯೋದು ನಿಂತೋಯ್ತು. ನಾನು ಕಿವಿ ಅಲ್ಲೇ ಇಟ್ಕಂಡು ಕೂರ್ತಿದ್ದೆ, ಯಾರೂ ಬಡೀಲಿಲ್ಲ. ಆ ಹುಡುಗ ಮತ್ತೆ ನನ್ನ ತೊಡೆಗೆ ಒರಗ್ದೆ ಹೋದ್ರೆ ನಾನು ಬದುಕಿ ಏನು ಮಾಡ್ಬೇಕು? ಒಂದಿನ ಇಫ್ಫತ್ ಹತ್ರ ಮಾತಾಡ್ಬೇಕು ಅಂತ ಅಡುಗೆಮನೆ ಬಾಗಿಲಿಗೆ ಹೋದೆ. "ಇಫ್ಫತ್" ಅಂದೆ. "ಟೀ ಬೇಕಾ ಅಬ್ಬಾ?" ಅಂದ್ಲು, ಯಾವತ್ತಿನ ದನೀಲೇ. "ಹೂಂ" ಅಂದೆ. ಊರಿಗೆಲ್ಲಾ ಬೈಯಕ್ಕೆ ತಿರುಗೋ ನಾಲಿಗೆ ತಪ್ಪಾಯ್ತು ಅನ್ನಕ್ಕೆ ತಿರುಗ್ಲಿಲ್ಲ. ಟೀ ಕುಡಿದು ವಾಪಸ್ ಬಂದೆ, ನನ್ನ ಮೇಲೆ ನನಗೇ ಅಸಹ್ಯ ಆಯ್ತು.

ಮೊದ್ಲು ಹೊರಗಿನೋರ ಹತ್ರ ಹೇಳಿದ್ರೆ ಒಳಗಿನೋರ ಹತ್ರ ಹೇಳಕ್ಕೆ ಬಾಯಿ ಬರಬಹುದು ಅಂತ ಆ ಸಂಜೆ ಲಲಿತಮ್ಮನ ಮನೆಗೆ ಹೊರಟೆ. ಬಾಗಿಲಲ್ಲಿ ಟವಲ್ಲನ್ನ ಹೆಗಲಿಂದ ತೆಗೆದು ಮೊಳೆಗೆ ನೇತಾಕಿದೆ. ಪಕ್ಕದ ಮನೆ ಎಷ್ಟು ದೂರ ಐತೆ ಹೇಳಿ, ಆದ್ರೂ ಬೀದಿಗೆ ಬೀದೀನೇ ನನ್ನ ಕೈ ನೋಡ್ತೈತೆ ಅನ್ನಿಸ್ತು. ಜಗಲಿ ಮೇಲೆ ಕೆಲಸಕ್ಕೆ ಕುಂತಿದ್ದ ವೆಂಕಟೇಶಾಚಾರ್ರು ತಲೆ ಎತ್ತಿದ್ರು. ಕೈನೂ ನೋಡಿದ್ರು, ಮುಖಾನೂ ನೋಡಿದ್ರು. "ಲಲಿತಾ, ಸಾಬ್ರು ಬಂದವ್ರೆ" ಅಂತ ಒಳಕ್ಕೆ ಕೂಗಿ ಮತ್ತೆ ಕೆಲಸಕ್ಕೆ ಬಗ್ಗಿದ್ರು.

ಲಲಿತಮ್ಮ ಬಂದು ಬಾಗಿಲಲ್ಲೇ ನಿಂತ್ರು. ಅವರ ಸೀರೆ ಹಿಂದೆ ಭೂಮಿಕನ ಒಂದು ಕಣ್ಣು ಕಾಣ್ತಿತ್ತು.

"ತಪ್ಪಾಯ್ತು ಕಣಮ್ಮ" ಅಂದೆ.

"ನನಗ್ಯಾಕೆ ಹೇಳ್ತೀರಾ ದಿಲ್ಷಾದಣ್ಣ? ಬಿದ್ದಿದ್ದು ಅವಳು. ಅವಳಿಗೆ ಹೇಳಿ."

ಅವರು ಹೇಳಿದ್ದು ಸರಿ. ಮೆಟ್ಟಿಲ ಮೇಲೆ ಕುಂತ್ಕಂಡೆ, ಮಗು ಎತ್ತರಕ್ಕೆ ಇಳಿದಂಗಾಗ್ಲಿ ಅಂತ. "ಭೂಮಿಕಾ, ತಾತಂದು ತಪ್ಪಾಯ್ತವ್ವ" ಅಂದೆ.  ಮಗು ಮುಚ್ಚದೆ ಇದ್ದ ನನ್ನ ಕೈಯನ್ನೇ ನೋಡ್ತಿತ್ತು. ನೋಡ್ಲಿ ಅಂತ ಅಂಗೇ ಬುಟ್ಟೆ.

ಆದ್ರೂ ನನ್ನ ಹುಟ್ಟುಗುಣ ನೋಡಿ, ಸುಮ್ಕಿರಕ್ಕಾಗ್ಲಿಲ್ಲ. "ನೀವು ಬಾಯಿಗೆ ಸೆರಗು ಅಡ್ಡ ಇಟ್ಕಂಡು ನಗ್ತಿದ್ರಿ ಲಲಿತಮ್ಮ, ಅದಕ್ಕೇ ನನಗೆ ತಡ್ಕಳಕ್ಕಾಗ್ಲಿಲ್ಲ" ಅಂದುಬುಟ್ಟೆ.

"ಸೆರಗು ಬಾಯಿಗಲ್ಲ ಕಣಣ್ಣ, ಕೈಗೆ ಸುತ್ಕಂಡಿದ್ದೆ. ಮಕ್ಕಳು ಅಜ್ಜಿ ನೀನೂ ಮಲಗಿಸು ಅಂದ್ವು. ಎಡಗೈಲಿ ಒಂದು 'ಅ' ಬರೆಯಕ್ಕೋದೆ, ಕೋಳಿ ಕೆದರಿದಂಗೆ ಬಂತು. ನಿಮ್ಮ ಮೊಮ್ಮಗ, ನಮ್ಮ ದಾದಾ ಎಡಗೈಲಿ ಚೆನ್ನಾಗಿ ಬರೀತಾರೆ, ನಿಂಗೆ ಬರಲ್ಲ ಅಂದ. ಅದಕ್ಕೆ ನಕ್ಕೆ."

ನನಗೆ ಮುಖ ಎತ್ತಕ್ಕಾಗ್ಲಿಲ್ಲ. ಮೆಟ್ಟಿಲ ಕಲ್ಲನ್ನೇ ನೋಡ್ತಾ, "ನಾಳೆ ಮಗೂನ ಕಳುಸ್ತೀರಾ?" ಅಂತ ಕೇಳ್ದೆ. ಅಷ್ಟು ಸಣ್ಣ ದನೀಲಿ ನಾನು ಯಾರನ್ನೂ ಏನನ್ನೂ ಕೇಳಿದ್ದಿಲ್ಲ.

"ಅವಳೇ ಬತ್ತೀನಿ ಅಂದ್ರೆ ಕಳುಸ್ತೀನಿ. ಬಲವಂತ ಮಾಡಲ್ಲ" ಅಂದ್ರು ಲಲಿತಮ್ಮ. ಎದ್ದೆ. "ಮೆಟ್ಲು ಸವೆದೈತೆ ಸಾಬ್ರೇ, ನಿಧಾನಕ್ಕೆ ಇಳೀರಿ" ಅಂದ್ರು ಆಚಾರ್ರು, ಕೆಲಸದಿಂದ ತಲೆ ಎತ್ತದೇನೇ. ಬೈದಿದ್ರೆ ಹಗುರಾಗ್ತಿತ್ತು.

ಬೆಳಗ್ಗೆ ಚಾಪೆ ನಾನೇ ಹಾಸ್ದೆ. ಒಂದೇ ಕೈಲಿ ಹಾಸಿದ್ರೆ ಒಂದು ಮೂಲೆ ಸುರುಳಿ ಸುತ್ಕತಾನೇ ಇತ್ತು, ಕಾಲಲ್ಲಿ ಒತ್ತಿ ಹಿಡಿದೆ. ರಾಗಿ ಡಬ್ಬ ತಂದು ತಟ್ಟೆಗೆ ಹುಯ್ದೆ, ಅರ್ಧ ಆಚೆ ಚೆಲ್ತು. ಟವಲ್ಲಿಲ್ಲದೆ ಕುಂತ್ಕಂಡು ಬಲಗೈಯನ್ನ ಎಲ್ರಿಗೂ ಕಾಣೋ ಅಂಗೆ ತೊಡೆ ಮೇಲೆ ಇಟ್ಕಂಡೆ. ಇಫ್ಫತ್ ಅಡುಗೆಮನೆ ಬಾಗಿಲಿಗೆ ಬಂದು ನಿಂತ್ಲು.

"ಇಫ್ಫತ್, ನಾನು ಮೃಗದಂಗೆ ಆಡ್ಬುಟ್ಟೆ ಕಣಮ್ಮ" ಅಂದೆ. "ನೀನು ನನಗೋಸ್ಕರ ಕಟ್ಟಿದ್ದನ್ನ ಒದ್ದುಬುಟ್ಟೆ."

ಅವಳ ಕಣ್ಣು ತುಂಬ್ಕಂತು. ಕೈ ಒರೆಸ್ಕಂಡು ಬಂದು, ಚೆಲ್ಲಿದ್ದ ರಾಗಿಯನ್ನ ಬೊಗಸೇಲಿ ಎತ್ತಿ ತಟ್ಟೆಗೆ ಹಾಕಿದ್ಲು. "ಇವತ್ತು ಯಾವ ಅಕ್ಷರ ಅಬ್ಬಾ?" ಅಂತ ಕೇಳಿದ್ಲು. ನಾನು ಎಡಗೈಲಿ ತಟ್ಟೆ ರಾಗಿ ಸಮ ಮಾಡ್ದೆ.

ತುಂಬಾ ಹೊತ್ತು ಯಾರೂ ಬರ್ಲಿಲ್ಲ. ಅಯಾನ್ ದಾದಿ ಪಕ್ಕ ನಿಂತು ನೋಡ್ತಿದ್ದ, ಹತ್ರ ಬರ್ಲಿಲ್ಲ. ಇನ್ನು ಚಾಪೆ ಸುತ್ತಿಬುಡಾಣ ಅನ್ನುವಾಗ ಬೀದಿ ಬಾಗಿಲಲ್ಲಿ ಭೂಮಿಕ ಅಜ್ಜಿ ಬೆರಳು ಹಿಡ್ಕಂಡು ನಿಂತಿತ್ತು. ಒಳಗೆ ಬಂದು, ನನಗೆ ದೂರವಾಗಿ ಚಾಪೆಯ ಆ ತುದೀಲಿ ಕುಂತ್ಕಂತು. ಅದನ್ನ ನೋಡಿ ಅಯಾನ್ ದಾದಿ ಸೆರಗು ಬುಟ್ಟ. ಒಂದೊಂದೇ ಹೆಜ್ಜೆ ಇಡ್ತಾ ಬಂದು ನನ್ನ ಮುಂದೆ ನಿಂತ್ಕಂಡು, ಬಗ್ಗಿ ನನ್ನ ಬಲಗೈಯನ್ನ ಆ ಕಡೆಯಿಂದ, ಈ ಕಡೆಯಿಂದ ನೋಡ್ದ.

"ದಾದಾ" ಅಂದ.

"ಏನಪ್ಪಾ."

"ಅವತ್ತು ನೀನು ಅಷ್ಟು ಜೋರಾಗಿ ಕೂಗಿದ್ಯಲ್ಲ. ಕೈ ಎದ್ದಿಲ್ವಾ?"

ಹುಡುಗ ನನ್ನ ಮುಖಾನೇ ನೋಡ್ತಾ ಉತ್ತರಕ್ಕೆ ಕಾಯ್ತಿದ್ದ. ನಾನು ಕೂಗಿದ್ದು ಆಟದ ಕೂಗು ಅಂತ ತಿಳ್ಕಂಡಿತ್ತು ಆ ಮಗು. ಹೆದರ್ಕಂಡು ಡ್ರಮ್ಮಿನ ಹಿಂದೆ ಕುಂತಿದ್ರೂ, ದಾದಾ ತನ್ನ ಕೈ ಎಬ್ಬಿಸ್ತಾವ್ರೆ ಅಂತಲೇ ತಿಳ್ಕಂಡಿತ್ತು.

"ಇಲ್ಲ ಮಗ" ಅಂದೆ. "ಎದ್ದಿಲ್ಲ."

ಅಯಾನ್ ಹೋಗಿ ಬಟ್ಟೆ ಚೂರಿನ ಚೀಲದಲ್ಲಿ ಕೈಯಾಡಿಸಿ ಹೂವಿನ ಚಿತ್ರ ಇರೋ ಒಂದು ಬಟ್ಟೆ ತುಂಡು ತಂದ. ನನ್ನ ಕೈ ಮೇಲೆ ಹಾಸಿ, ಬೆರಳು ಕಾಣದಂಗೆ ಸುತ್ತಾ ಒತ್ತಿದ. ತೊಡೆಗೆ ಒರಗಿ ಕುಂತ್ಕಂಡು, ತುಟಿ ಮೇಲೆ ಬೆರಳಿಟ್ಟು ಭೂಮಿಕನ ಕಡೆ ನೋಡ್ದ, ಆಮೇಲೆ ನನ್ನ ಕಡೆ ನೋಡ್ದ.

"ಇನ್ನು ಕೂಗ್ಬೇಡ ದಾದಾ. ಮಲಗ್ಲಿ."

ನಾನು ಎಡಗೈ ಬೆರಳನ್ನ ರಾಗಿ ಮೇಲೆ ಇಟ್ಟು, "ಆಯ್ತಪ್ಪ" ಅಂತ ಪಿಸುಗುಟ್ಟಿದೆ.